ಹಳೆಯ ವ್ಯಾನಿಗೆ ಉಕ್ಕಿನ ಬಂಪರ್: ಖರ್ಚಿನ ಅಂದಾಜನ್ನು ಸರಿಯಾದ ಕ್ರಮದಲ್ಲಿ ಹಾಕುವ ಬಗೆ

ಹಳೆಯ ವ್ಯಾನಿಗೆ ಉಕ್ಕಿನ ಬಂಪರ್ ಮಾಡಿಸಲು ಹೊರಟವರಲ್ಲಿ ಹೆಚ್ಚಿನವರು ಎಡವುವುದು ಬೆಸುಗೆಯಲ್ಲಲ್ಲ, ಲೆಕ್ಕದಲ್ಲಿ. ಇಷ್ಟು ಕಿಲೋ ಉಕ್ಕು, ಕಿಲೋಗೆ ಇಷ್ಟು ದರ ಎಂದು ಗುಣಿಸಿ, ಅದರ ಮೇಲೆ ಒಂದಿಷ್ಟು ಕೂಲಿ ಸೇರಿಸಿ ಕೆಲಸಕ್ಕೆ ಇಳಿಯುತ್ತಾರೆ. ಅರ್ಧ ದಾರಿಯಲ್ಲಿ ಚಾಸಿಸ್ಸಿನ (ವಾಹನದ ಅಡಿಚೌಕಟ್ಟಿನ) ತುಕ್ಕು ಕಾಣಿಸಿಕೊಳ್ಳುತ್ತದೆ, ಕೊಂಡ ಶೀಟಿನಲ್ಲಿ ಅರ್ಧ ಉಳಿದುಹೋಗುತ್ತದೆ, ಬಣ್ಣದ ಖರ್ಚು ಉಕ್ಕಿನ ಖರ್ಚಿಗೆ ಸಮನಾಗುತ್ತದೆ. ಅಂದಾಜು ತಪ್ಪಲು ಕಾರಣ ದರಗಳ ಏರಿಳಿತವಲ್ಲ. ಯಾವುದನ್ನು ಮೊದಲು ಅಳೆಯಬೇಕು, ಯಾವುದನ್ನು ಆಮೇಲೆ ಎಂಬ ಕ್ರಮವನ್ನು ಪಾಲಿಸದಿರುವುದು.

ಈ ಮಾರ್ಗದರ್ಶಿಯಲ್ಲಿ ಹಣದ ಮೊತ್ತಗಳಿಲ್ಲ. ಎಲ್ಲವೂ ಕಿಲೋ, ಮೀಟರ್ ಮತ್ತು ಗಂಟೆಗಳಲ್ಲಿವೆ. ನಿಮಗೆ ಸಿಗುವ ದರಗಳನ್ನು ಈ ಸಂಖ್ಯೆಗಳಿಗೆ ಗುಣಿಸಿದರೆ ನಿಮ್ಮ ಖರ್ಚು ಬರುತ್ತದೆ. ದರ ಬದಲಾದಾಗ ಗುಣಾಕಾರವನ್ನು ಮಾತ್ರ ಮತ್ತೆ ಮಾಡಬೇಕು, ಅಳತೆಯನ್ನಲ್ಲ.

ಅಂದಾಜಿಗೆ ಬೇಕಾಗುವ ಸಾಮಾನು

ಅಳತೆ ಪಟ್ಟಿ, ಸ್ಪಿರಿಟ್ ಲೆವೆಲ್, ತೂಕದ ಗುಂಡಿರುವ ದಾರ, ವರ್ನಿಯರ್ ಕ್ಯಾಲಿಪರ್, ಚಿಕ್ಕ ಸುತ್ತಿಗೆ, ಗಟ್ಟಿ ತುದಿಯ ಸ್ಕ್ರೂಡ್ರೈವರ್, ದಪ್ಪ ರಟ್ಟು, ಅಂಟು ಟೇಪು, ಜ್ಯಾಕ್ ಮತ್ತು ಎರಡು ಭದ್ರವಾದ ಜ್ಯಾಕ್ ಸ್ಟ್ಯಾಂಡ್‌ಗಳು. ಬರೀ ಜ್ಯಾಕಿನ ಮೇಲೆ ನಿಂತಿರುವ ವ್ಯಾನಿನ ಕೆಳಗೆ ಯಾವ ಕಾರಣಕ್ಕೂ ನುಸುಳಬೇಡಿ.

ವೆಲ್ಡಿಂಗ್ ಯಂತ್ರ, ಗ್ರೈಂಡರ್, ಶಿರಸ್ತ್ರಾಣ ಇವುಗಳ ಬೆಲೆಯನ್ನು ಬಂಪರಿನ ಖರ್ಚಿನೊಳಗೆ ಸೇರಿಸದೆ ಪ್ರತ್ಯೇಕ ಪಟ್ಟಿಯಲ್ಲಿ ಬರೆಯಿರಿ. ಒಂದೇ ಬಂಪರಿಗಾಗಿ ಯಂತ್ರ ಕೊಳ್ಳುವುದು ಬಹುಮಟ್ಟಿಗೆ ನಷ್ಟದ ಬಾಬತ್ತು. ಎರಡೂ ಪಟ್ಟಿಗಳನ್ನು ಬೆರೆಸಿದರೆ ಆ ನಷ್ಟ ಕಣ್ಣಿಗೆ ಬೀಳುವುದಿಲ್ಲ.

ಹಂತ 1: ಬಂಪರ್ ಕೂರುವ ಜಾಗವನ್ನು ಪರೀಕ್ಷಿಸುವುದು

ಹಳೆಯ ಬಂಪರನ್ನು ಬಿಚ್ಚದೆ ಅಂದಾಜು ಹಾಕಬೇಡಿ. ಹಳೆಯ ವ್ಯಾನುಗಳಲ್ಲಿ ಅನೇಕಕ್ಕೆ ಪ್ರತ್ಯೇಕವಾದ ಗಟ್ಟಿ ಚಾಸಿಸ್ ಇರುವುದಿಲ್ಲ. ಒಂದೂವರೆಯಿಂದ ಎರಡು ಮಿ.ಮೀ. ದಪ್ಪದ ತಗಡನ್ನು ಮಡಿಸಿ ಪೆಟ್ಟಿಗೆಯಾಕಾರಕ್ಕೆ ತಂದ ತೊಲೆಗಳೇ ಬಂಪರನ್ನು ಹೊರುತ್ತವೆ. ಹೊಸ ಬಂಪರ್ ಎಷ್ಟೇ ಗಟ್ಟಿಯಾಗಿದ್ದರೂ ಅದರ ಬಲ ಈ ತೊಲೆಯ ತುದಿಯ ಬಲವನ್ನು ಮೀರಲಾರದು.

ತೊಲೆಯ ಉದ್ದಕ್ಕೂ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ. ಒಳ್ಳೆಯ ತಗಡು ಖಣಿಲ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ. ಅನುಮಾನ ಬಂದ ಕಡೆ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಿ. ತುದಿ ಒಳಗಿಳಿದರೆ ಬಂಪರಿನ ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಿ, ಮೊದಲು ತೊಲೆಯ ದುರಸ್ತಿಗೆ ದರ ಕೇಳಿ. ಬಂಪರ್ ಸಿದ್ಧವಾಗಿ ಬಂದ ಮೇಲೆ ತುಕ್ಕು ಪತ್ತೆಯಾದರೆ ದುರಸ್ತಿಯ ಖರ್ಚಿನ ಜೊತೆಗೆ ಬಂಪರನ್ನು ತೊಲೆಗೆ ಹಿಡಿಸುವ ಹೊಸ ಆಧಾರಗಳನ್ನು ಕತ್ತರಿಸಿ ಮರುಜೋಡಿಸುವ ಖರ್ಚೂ ತಲೆಯ ಮೇಲೆ ಬೀಳುತ್ತದೆ.

ಎಡಕ್ಕೂ ಬಲಕ್ಕೂ ಪ್ರತ್ಯೇಕವಾಗಿ ಅಳತೆ ತೆಗೆದುಕೊಳ್ಳಿ. ಹಳೆಯ ವಾಹನ ಎಂದೋ ಎಲ್ಲೋ ಗುದ್ದಿಸಿಕೊಂಡಿರುವ ಸಾಧ್ಯತೆ ಹೆಚ್ಚು. ಒಮ್ಮೆ ನಾನು ಎಡಗಡೆಯ ಅಳತೆಯನ್ನೇ ಬಲಗಡೆಗೂ ಬಳಸಿದ್ದರಿಂದ ಎಂಟು ಮಿ.ಮೀ. ವ್ಯತ್ಯಾಸ ಬಂದು, ಬಲಗಡೆಯ ಆಧಾರವನ್ನು ಪೂರ್ತಿಯಾಗಿ ಮತ್ತೆ ಮಾಡಬೇಕಾಯಿತು. ಎರಡು ತೊಲೆಗಳ ತುದಿಗಳಿಂದ ಹಿಂದಿರುವ ಸ್ಥಿರ ಬಿಂದುಗಳಿಗೆ ಕರ್ಣದ ಅಳತೆ ಹಿಡಿದರೆ ಈ ತಪ್ಪು ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಹಂತ 2: ನಿಯಮ, ವಿಮೆ ಮತ್ತು ಏರ್‌ಬ್ಯಾಗ್

ಇದು ಚಿಕ್ಕ ಹಂತವಾದರೂ ಬಿಟ್ಟರೆ ಇಡೀ ಖರ್ಚು ವ್ಯರ್ಥವಾಗಬಹುದು. ಮುಂಭಾಗದ ಗಡಸು ಬಂಪರುಗಳು ಪಾದಚಾರಿಗಳಿಗೆ ಹೆಚ್ಚಿನ ಪೆಟ್ಟು ಕೊಡುವುದರಿಂದ ಹಲವು ದೇಶಗಳಲ್ಲಿ ಅವುಗಳ ಮೇಲೆ ನಿರ್ಬಂಧವಿದೆ. ವಾಹನ ನೋಂದಣಿ ಕಚೇರಿಯಿಂದಲೂ ವಿಮೆ ಕಂಪನಿಯಿಂದಲೂ ಬರಹದಲ್ಲಿ ಉತ್ತರ ಪಡೆಯಿರಿ. ಅನುಮೋದನೆಗೆ ಶುಲ್ಕವೋ ತಪಾಸಣೆಯೋ ಇದ್ದರೆ ಅದನ್ನೂ ಪಟ್ಟಿಗೆ ಸೇರಿಸಿ. ವ್ಯಾನಿಗೆ ಏರ್‌ಬ್ಯಾಗ್ ಇದ್ದರೆ ಮುಂಭಾಗದ ಗಡಸುತನ ಬದಲಾದಾಗ ಅದು ಬಿಚ್ಚಿಕೊಳ್ಳುವ ಕ್ಷಣವೂ ಬದಲಾಗಬಹುದು. ಅಂಥ ವ್ಯಾನಿಗೆ ಮುಂದಿನ ಬಂಪರನ್ನು ಮನೆಯಲ್ಲೇ ಮಾಡುವುದು ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಹಂತ 3: ಮೊದಲು ಆಧಾರ, ಆಮೇಲೆ ಬಂಪರ್

ಸೋಲುವವರು ಬಂಪರಿನ ಮುಖದಿಂದ ಆರಂಭಿಸುತ್ತಾರೆ, ಏಕೆಂದರೆ ಕಣ್ಣಿಗೆ ಕಾಣುವುದು ಅದೇ. ಸಮಯ ಮತ್ತು ಹಣ ಹೆಚ್ಚು ಹೋಗುವುದು ಮಾತ್ರ ತೊಲೆಗೂ ಬಂಪರಿಗೂ ನಡುವೆ ಇರುವ ಆಧಾರಗಳಲ್ಲಿ. ಆದ್ದರಿಂದ ಮೊದಲು ಎರಡು ಜೋಡಣೆ ಪ್ಲೇಟುಗಳನ್ನು ತೊಲೆಗೆ ಬೋಲ್ಟ್ ಹಾಕಿ ಕೂರಿಸಿ, ಅವು ಒಂದೇ ಮಟ್ಟದಲ್ಲಿವೆಯೇ ಎಂದು ಲೆವೆಲ್ಲಿನಿಂದ ನೋಡಿ, ನಂತರವೇ ಬಂಪರಿನ ಆಕಾರವನ್ನು ಯೋಚಿಸಿ. ಎರಡೂ ಕಡೆ ರಂಧ್ರಗಳನ್ನು ಪ್ಲೇಟಿನಲ್ಲಿ ಲಂಬವಾಗಿ, ಅದಕ್ಕೆ ಸೇರುವ ಬಂಪರಿನ ಬ್ರ್ಯಾಕೆಟ್ಟಿನಲ್ಲಿ ಅಡ್ಡಡ್ಡವಾಗಿ ಉದ್ದಗೆ ಕೊರೆಸಿದರೆ ಕೆಲವು ಮಿ.ಮೀ. ಹೊಂದಿಸಿಕೊಳ್ಳಲು ಅವಕಾಶ ಉಳಿಯುತ್ತದೆ.

ಟೊಳ್ಳಾದ ತೊಲೆಯ ಮೂಲಕ ಬೋಲ್ಟ್ ಹಾಯಿಸಿ ನೇರವಾಗಿ ಬಿಗಿಯಬೇಡಿ. ಹಾಗೆ ಬಿಗಿದರೆ ತೊಲೆ ಚಪ್ಪಟೆಯಾಗುತ್ತದೆ, ಚಪ್ಪಟೆಯಾದ ಮೇಲೆ ಬೋಲ್ಟಿನ ಬಿಗಿ ನಿಲ್ಲುವುದಿಲ್ಲ. ಪ್ರತಿ ಬೋಲ್ಟಿಗೂ ತೊಲೆಯ ಒಳಗೆ ದಪ್ಪ ಗೋಡೆಯ ಕೊಳವೆಯ ತುಂಡೊಂದನ್ನು ಕೂರಿಸಬೇಕು. ಎಂಟು ಬೋಲ್ಟಿದ್ದರೆ ಎಂಟು ಕೊಳವೆ, ಎಂಟು ಬೋಲ್ಟು, ಎಂಟು ಲಾಕ್ ನಟ್ಟು, ಹದಿನಾರು ದಪ್ಪ ವಾಷರು. ಬೋಲ್ಟುಗಳು ಕನಿಷ್ಠ 8.8 ದರ್ಜೆಯವಾಗಿರಲಿ (ಬೋಲ್ಟಿನ ಬಲವನ್ನು ಸೂಚಿಸುವ ಸಂಖ್ಯೆ ಇದು). ಇವೆಲ್ಲ ಚಿಕ್ಕ ವಸ್ತುಗಳಾದರೂ ಒಟ್ಟು ಸೇರಿದಾಗ ಅಂದಾಜಿನಲ್ಲಿ ಎದ್ದು ಕಾಣುವಷ್ಟಾಗುತ್ತವೆ.

ಹಂತ 4: ರಟ್ಟಿನ ಮಾದರಿ

ಉಕ್ಕನ್ನು ಮುಟ್ಟುವ ಮೊದಲು ಪೂರ್ಣ ಅಳತೆಯ ಬಂಪರನ್ನು ರಟ್ಟಿನಲ್ಲಿ ಮಾಡಿ ವ್ಯಾನಿಗೆ ಅಂಟಿಸಿ. ಬಾನೆಟ್ ತೆರೆಯಿರಿ, ಮುಂದಿನ ಬಾಗಿಲುಗಳನ್ನೂ ಪೂರ್ತಿ ತೆರೆಯಿರಿ, ಹಿಂದಿನ ಬಂಪರಾದರೆ ಹಿಂಬಾಗಿಲುಗಳನ್ನು ಕೊನೆಯವರೆಗೂ ತಿರುಗಿಸಿ ನೋಡಿ. ಚಕ್ರವನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ರೇಡಿಯೇಟರಿಗೆ ಗಾಳಿ ಬರುವ ತೆರವು, ದೀಪಗಳ ಬೆಳಕು, ನೋಂದಣಿ ಫಲಕ, ಎಳೆಯುವ ಕೊಕ್ಕೆ, ಹಿಂದೆ ಹೊಗೆಕೊಳವೆ ಮತ್ತು ಸ್ಟೆಪ್ನಿ ಇವುಗಳ ಜಾಗವನ್ನು ರಟ್ಟಿನ ಮೇಲೇ ಗುರುತಿಸಿ. ಬಂಪರಿಗೂ ವ್ಯಾನಿನ ಮೈಗೂ ನಡುವೆ 12ರಿಂದ 15 ಮಿ.ಮೀ. ಅಂತರವಿರಲಿ, ಅದಕ್ಕಿಂತ ಕಡಿಮೆಯಾದರೆ ಕುಲುಕಿನಲ್ಲಿ ಬಣ್ಣ ಉಜ್ಜಿಹೋಗಿ ತುಕ್ಕು ಶುರುವಾಗುತ್ತದೆ.

ರಟ್ಟಿನ ಮೇಲೆ ಮಾಡಿದ ತಿದ್ದುಪಡಿಗೆ ಒಂದು ಕತ್ತರಿ ಸಾಕು. ಅದೇ ತಿದ್ದುಪಡಿಯನ್ನು ಉಕ್ಕಿನ ಮೇಲೆ ಮಾಡಲು ಕತ್ತರಿಸುವುದು, ಬೆಸೆಯುವುದು, ಉಜ್ಜುವುದು ಎಂಬ ಮೂರು ಕೆಲಸಗಳು ಬೇಕು. ಇಡೀ ಯೋಜನೆಯಲ್ಲಿ ಹಣ ಉಳಿಸುವ ಹಂತವೊಂದಿದ್ದರೆ ಅದು ಇದೇ. ಆತುರಪಡದೆ ಒಂದು ದಿನವನ್ನೇ ಇದಕ್ಕೆ ಮೀಸಲಿಡಿ.

ಹಂತ 5: ತೂಕ ಮತ್ತು ಶೀಟಿನ ಲೆಕ್ಕ

ಉಕ್ಕಿನ ಸಾಂದ್ರತೆ ಘನ ಮೀಟರಿಗೆ 7850 ಕೆ.ಜಿ. ಅಂದರೆ ಒಂದು ಚದರ ಮೀಟರ್ ಶೀಟು ಪ್ರತಿ ಮಿ.ಮೀ. ದಪ್ಪಕ್ಕೆ 7.85 ಕೆ.ಜಿ. ತೂಗುತ್ತದೆ. 3 ಮಿ.ಮೀ. ಶೀಟು ಚದರ ಮೀಟರಿಗೆ 23.6, 4 ಮಿ.ಮೀ. 31.4, 6 ಮಿ.ಮೀ. 47.1 ಕೆ.ಜಿ. ಕೊಳವೆಗೆ ಬೇರೆ ಸೂತ್ರವಿದೆ: ಹೊರವ್ಯಾಸದಲ್ಲಿ ಗೋಡೆಯ ದಪ್ಪವನ್ನು ಕಳೆದು, ಅದನ್ನು ಮತ್ತೆ ದಪ್ಪದಿಂದ ಗುಣಿಸಿ, 0.02466ರಿಂದ ಗುಣಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ತಿಳಿಯುತ್ತದೆ. 48.3 ಮಿ.ಮೀ. ವ್ಯಾಸದ, 3.2 ಮಿ.ಮೀ. ಗೋಡೆಯ ಕೊಳವೆ ಹೀಗೆ ಮೀಟರಿಗೆ 3.56 ಕೆ.ಜಿ. ಬರುತ್ತದೆ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ಮುಂದಿನ ಬಂಪರಿನ ನಡುಭಾಗ 1800 ಮಿ.ಮೀ. ಅಗಲ, ಮೇಲ್ಮೈ, ಮುಖ ಮತ್ತು ಕೆಳಮಡಿಕೆ ಸೇರಿ ಬಿಡಿಸಿದಾಗ 500 ಮಿ.ಮೀ. ಎರಡು ಪಕ್ಕಗಳು ತಲಾ 450ಕ್ಕೆ 500 ಮಿ.ಮೀ. ಒಟ್ಟು 1.35 ಚದರ ಮೀಟರ್. 4 ಮಿ.ಮೀ. ಶೀಟಾದರೆ 42.4 ಕೆ.ಜಿ. ಇದಕ್ಕೆ 8 ಮಿ.ಮೀ. ದಪ್ಪದ, 200 ಮಿ.ಮೀ. ಚೌಕದ ಎರಡು ಪ್ಲೇಟುಗಳ 5 ಕೆ.ಜಿ., 6 ಮಿ.ಮೀ. ದಪ್ಪದ, 250ಕ್ಕೆ 150ರ ನಾಲ್ಕು ಬ್ರ್ಯಾಕೆಟ್ಟುಗಳ 7 ಕೆ.ಜಿ., ಮೂಲೆಗಳಿಗೆ ಕೊಡುವ ತ್ರಿಕೋನಾಕಾರದ ಆಧಾರಗಳ 3 ಕೆ.ಜಿ. ಸೇರಿಸಿದರೆ ಸುಮಾರು 58 ಕೆ.ಜಿ. ಆಗುತ್ತದೆ.

ಆದರೆ ನೀವು ಹಣ ಕೊಡುವುದು 58 ಕಿಲೋಗಲ್ಲ. 2500ಕ್ಕೆ 1250 ಮಿ.ಮೀ. ಅಳತೆಯ ಪೂರ್ಣ ಶೀಟು 4 ಮಿ.ಮೀ. ದಪ್ಪದಲ್ಲಿ 98 ಕೆ.ಜಿ. ತೂಗುತ್ತದೆ. ಬಂಪರಿಗೆ ಬೇಕಾದ 1.35 ಚದರ ಮೀಟರ್ ಆ ಶೀಟಿನ ಶೇಕಡಾ 43 ಮಾತ್ರ. ಕತ್ತರಿಸಿ ಕೊಡುವ ಅಂಗಡಿ ಸಿಕ್ಕರೆ ಸರಿ, ಇಲ್ಲದಿದ್ದರೆ ಪೂರ್ಣ ಶೀಟಿನ ಬೆಲೆ ತೆರಬೇಕು. ಅದೇ ಶೀಟಿನಲ್ಲಿ ಉಳಿಯುವ 1800ಕ್ಕೆ 750ರ ತುಂಡಿನಿಂದ ಹಿಂದಿನ ಬಂಪರಿನ ನಡುಭಾಗ ಬರುತ್ತದೆ, ಹಿಂದಿನ ಪಕ್ಕಗಳ ಎತ್ತರ ಕಡಿಮೆಯಿದ್ದರೆ ಅವೂ ಬರುತ್ತವೆ. ಹೀಗಾಗಿ ಎರಡೂ ಬಂಪರುಗಳನ್ನು ಮಾಡುವ ಆಲೋಚನೆಯಿದ್ದರೆ ಎರಡರ ಮಾದರಿಗಳೂ ಸಿದ್ಧವಾಗುವವರೆಗೆ ಶೀಟು ಕೊಳ್ಳಬೇಡಿ.

ದಪ್ಪ ಹೆಚ್ಚಾದಷ್ಟೂ ಒಳ್ಳೆಯದು ಎಂಬ ನಂಬಿಕೆಯನ್ನು ಬಿಡಬೇಕು. ಇದೇ ಬಂಪರನ್ನು 3 ಮಿ.ಮೀ. ಶೀಟಿನಲ್ಲಿ ಮಾಡಿ ಒಳಗೆ ಆಧಾರಗಳನ್ನು ಸರಿಯಾಗಿ ಕೊಟ್ಟರೆ ಹನ್ನೊಂದು ಕಿಲೋ ಉಳಿಯುತ್ತದೆ. ಮಡಿಸಿದ ಶೀಟಿನ ಗಡಸುತನ ಅದರ ದಪ್ಪಕ್ಕಿಂತ ಹೆಚ್ಚಾಗಿ ಮಡಿಕೆಗಳ ಆಳದಿಂದ ಬರುತ್ತದೆ. ನಡುಭಾಗಕ್ಕೆ 4, ಪಕ್ಕಗಳಿಗೆ 3 ಎಂದು ಬೆರೆಸುವುದು ಆಕರ್ಷಕವಾಗಿ ಕಂಡರೂ ಉಳಿಯುವುದು ಮೂರೂವರೆ ಕಿಲೋ ಮಾತ್ರ, ಕೊಳ್ಳಬೇಕಾಗುವುದು ಎರಡನೆಯ ಶೀಟು.

ಹಂತ 6: ಭಾರ ಆಕ್ಸಲಿನ ಮೇಲೆ ಎಷ್ಟು ಬೀಳುತ್ತದೆ

ಬಂಪರ್ ಮುಂದಿನ ಆಕ್ಸಲಿಗಿಂತಲೂ ಮುಂದೆ ನೇತಾಡುವುದರಿಂದ ಆಕ್ಸಲಿನ ಮೇಲೆ ಅದರ ಸ್ವಂತ ತೂಕಕ್ಕಿಂತ ಹೆಚ್ಚಿನ ಭಾರ ಬೀಳುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2.4 ಮೀಟರ್, ಬಂಪರ್ ಆಕ್ಸಲಿನಿಂದ 0.8 ಮೀಟರ್ ಮುಂದೆ ಎಂದುಕೊಳ್ಳಿ. ಎರಡೂ ಸೇರಿ 3.2. 58ನ್ನು 3.2ರಿಂದ ಗುಣಿಸಿ 2.4ರಿಂದ ಭಾಗಿಸಿದರೆ ಮುಂದಿನ ಆಕ್ಸಲಿಗೆ 77 ಕೆ.ಜಿ. ಸೇರುತ್ತದೆ, ಹಿಂದಿನ ಆಕ್ಸಲಿನಿಂದ 19 ಕೆ.ಜಿ. ಇಳಿಯುತ್ತದೆ. ಹಳೆಯ ಬಂಪರಿನ ತೂಕಕ್ಕೂ ಇದೇ ಲೆಕ್ಕ ಹಾಕಿ, ಬಂದದ್ದನ್ನು ಮಾತ್ರ ಇದರಿಂದ ಕಳೆಯಬಹುದು. ಚಾಲಕ ಮುಂದಿನ ಚಕ್ರದ ಮೇಲೇ ಕೂರುವ ಚಪ್ಪಟೆ ಮೂತಿಯ ವ್ಯಾನುಗಳಲ್ಲಿ ಆಕ್ಸಲಿನಿಂದ ಮುಂದಕ್ಕೆ ಚಾಚಿದ ಭಾಗ ಉದ್ದವಿರುವುದರಿಂದ ಈ ಪರಿಣಾಮ ಇನ್ನೂ ಹೆಚ್ಚು.

ವ್ಯಾನಿನ ಫಲಕದಲ್ಲಿ ಬರೆದಿರುವ ಮುಂದಿನ ಆಕ್ಸಲಿನ ಗರಿಷ್ಠ ಭಾರವನ್ನೂ, ತೂಕದ ಕಟ್ಟೆಯಲ್ಲಿ ಅಳೆದ ಈಗಿನ ಭಾರವನ್ನೂ ಹೋಲಿಸಿ. ಸ್ಪ್ರಿಂಗುಗಳು ಈಗಾಗಲೇ ಕುಸಿದಿದ್ದರೆ ಅವುಗಳ ಬದಲಾವಣೆ, ಚಕ್ರ ಅಲೈನ್ಮೆಂಟ್, ದೀಪಗಳ ಮರುಹೊಂದಿಕೆ ಈ ಮೂರೂ ಬಂಪರಿನ ಖರ್ಚೇ. ಮುಂದೆ ವಿಂಚ್ (ಹಗ್ಗ ಸುತ್ತಿ ವಾಹನವನ್ನು ಎಳೆಯುವ ಯಂತ್ರ) ಕೂರಿಸುವ ಯೋಚನೆಯಿದ್ದರೆ ಅದರ ತೂಕವನ್ನು ಈಗಲೇ ಸೇರಿಸಿ.

ಹಂತ 7: ಕತ್ತರಿಸುವುದು, ಮಡಿಸುವುದು

ಲೇಸರ್ ಅಥವಾ ಪ್ಲಾಸ್ಮಾ ಕಟಿಂಗಿಗೆ ಸಾಮಾನ್ಯವಾಗಿ ಕತ್ತರಿಸುವ ಅಂಚಿನ ಒಟ್ಟು ಉದ್ದ, ದಪ್ಪ ಮತ್ತು ರಂಧ್ರಗಳ ಸಂಖ್ಯೆಯನ್ನು ನೋಡಿ ದರ ಹೇಳುತ್ತಾರೆ. ನಕಾಶೆಯನ್ನು ಕಂಪ್ಯೂಟರಿಗೆ ಏರಿಸಲು ಪ್ರತ್ಯೇಕ ಹಣ ಕೇಳಬಹುದು. ಗ್ರೈಂಡರಿನಿಂದ ನೀವೇ ಕತ್ತರಿಸಿದರೆ ಡಿಸ್ಕುಗಳ ಖರ್ಚು ಕಡಿಮೆ, ಗಂಟೆಗಳು ಹೆಚ್ಚು. ರಂಧ್ರಗಳನ್ನು ಮತ್ತು ಜೋಡಣೆ ಪ್ಲೇಟುಗಳನ್ನು ಲೇಸರಿಗೆ ಕೊಟ್ಟು, ನೇರ ಕತ್ತರಿಕೆಗಳನ್ನು ನೀವೇ ಮಾಡುವುದು ನನಗೆ ಲಾಭದಾಯಕವಾಗಿ ಕಂಡಿರುವ ದಾರಿ.

ಮಡಿಕೆಯ ವಿಷಯದಲ್ಲಿ ಯಂತ್ರದ ಸಾಮರ್ಥ್ಯವನ್ನು ಮೊದಲೇ ವಿಚಾರಿಸಿ. 4 ಮಿ.ಮೀ. ದಪ್ಪದ ಶೀಟನ್ನು 1800 ಮಿ.ಮೀ. ಉದ್ದಕ್ಕೆ ಒಂದೇ ಸಲ ಮಡಿಸಲು ಸುಮಾರು 60 ಟನ್ ಒತ್ತುವ ಪ್ರೆಸ್ ಬೇಕು. ಅದಿಲ್ಲದ ಕಡೆ ಮಡಿಕೆಯ ಗೆರೆಯಲ್ಲಿ ಅರ್ಧ ಆಳಕ್ಕೆ ಗೀರು ಕೊರೆದು, ಕೈಯಿಂದ ಬಗ್ಗಿಸಿ, ಗೀರನ್ನು ಬೆಸುಗೆಯಿಂದ ತುಂಬುತ್ತಾರೆ. ಎರಡು ಮಡಿಕೆಗಳಿಗೆ 3.6 ಮೀಟರ್ ಬೆಸುಗೆ ಹೆಚ್ಚಾಗುತ್ತದೆ, ಅದನ್ನು ಉಜ್ಜಬೇಕು, ಶಾಖಕ್ಕೆ ಶೀಟು ತಿರುಚಿಕೊಳ್ಳುತ್ತದೆ. ಪ್ರೆಸ್ಸಿನ ಕೂಲಿ ದುಬಾರಿಯೆನಿಸಿದರೂ ಒಟ್ಟಿನಲ್ಲಿ ಅದೇ ಅಗ್ಗ.

ಹಂತ 8: ಬೆಸುಗೆಯ ಗಂಟೆಗಳು

ಎಲ್ಲ ಸೇರಿಕೆಗಳ ಉದ್ದವನ್ನು ಕೂಡಿಸಿ. ಮೇಲಿನ ಉದಾಹರಣೆಯಲ್ಲಿ ಆಧಾರಗಳೂ ಸೇರಿ 8 ಮೀಟರ್ ಎಂದುಕೊಳ್ಳೋಣ. ಮೂಲೆ ಸೇರಿಕೆಯಲ್ಲಿ 5 ಮಿ.ಮೀ. ಅಳತೆಯ ಬೆಸುಗೆಗೆ ಮೀಟರಿಗೆ ಸುಮಾರು 100 ಗ್ರಾಂ ಲೋಹ ಬೇಕಾಗುವುದರಿಂದ, ವ್ಯರ್ಥವಾಗುವುದೂ ಸೇರಿ ಒಂದು ಕಿಲೋ ಬೆಸುಗೆ ತಂತಿ ಸಾಕು. ನಿಮಿಷಕ್ಕೆ 30 ಸೆಂ.ಮೀ. ವೇಗದಲ್ಲಿ ಕಿಡಿ ಉರಿಯುವ ಸಮಯ ಅರ್ಧ ಗಂಟೆಯೂ ಇಲ್ಲ. ಇಲ್ಲೇ ಬಹಳ ಮಂದಿ ಮೋಸಹೋಗುವುದು. ತುಂಡುಗಳನ್ನು ಹೊಂದಿಸುವುದು, ಹಿಡಿಕೆ ಹಾಕುವುದು, ಚುಕ್ಕೆ ಬೆಸುಗೆ ಕೊಟ್ಟು ಅಳೆಯುವುದು, ತಣಿಯಲು ಬಿಡುವುದು ಇವೆಲ್ಲ ಸೇರಿ ಅರ್ಧ ಗಂಟೆಯ ಕಿಡಿ ನಾಲ್ಕರಿಂದ ಆರು ಗಂಟೆಯ ಕೆಲಸವಾಗುತ್ತದೆ. ಬೆಸುಗೆಯನ್ನು ಗಾಳಿಯಿಂದ ಕಾಯುವ ಅನಿಲಕ್ಕೂ ಇದೇ ಮಾತು: ಖರ್ಚಾಗುವ ಅನಿಲಕ್ಕಿಂತ ಸಿಲಿಂಡರಿನ ಬಾಡಿಗೆಯೇ ಹೆಚ್ಚಾಗಬಹುದು.

ಕ್ರಮ ಹೀಗಿರಲಿ: ವ್ಯಾನಿನ ಮೇಲೆ ಚುಕ್ಕೆ ಬೆಸುಗೆ ಮಾತ್ರ, ಪೂರ್ಣ ಬೆಸುಗೆ ನೆಲಕ್ಕಿಳಿಸಿದ ಮೇಲೆ. ವ್ಯಾನಿನ ಮೇಲೆ ಬೆಸೆಯುವಾಗ ಬ್ಯಾಟರಿಯ ಎರಡೂ ತಂತಿಗಳನ್ನು ಕಳಚಿ, ಅರ್ಥ್ ಕ್ಲಾಂಪನ್ನು ಬೆಸುಗೆಯ ಪಕ್ಕದಲ್ಲೇ ಹಾಕಿ. ಒಂದೇ ಕಡೆ ಉದ್ದಕ್ಕೆ ಎಳೆಯದೆ ಸ್ವಲ್ಪ ಸ್ವಲ್ಪವಾಗಿ ಜಾಗ ಬದಲಿಸುತ್ತ ಬೆಸೆದರೆ ತಿರುಚು ಕಡಿಮೆ. ಸತು ಲೇಪಿಸಿದ ಉಕ್ಕನ್ನು ಲೇಪ ತೆಗೆಯದೆ ಬೆಸೆಯಬೇಡಿ, ಆ ಹೊಗೆಯಿಂದ ಜ್ವರ ಬರುತ್ತದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರೆಸಿದ ಉಕ್ಕನ್ನು ಬೆಸೆದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಇದು ಜೀವಕ್ಕೇ ಅಪಾಯ.

ಮೊದಲ ಬಾರಿ ಮಾಡುವವರಿಗೆ ಒಂದು ಬಂಪರಿಗೆ ನಾನು ಹೇಳುವ ಗಂಟೆಗಳು ಇವು: ಹಳೆಯದನ್ನು ಬಿಚ್ಚಿ ಪರೀಕ್ಷಿಸಲು 3ರಿಂದ 5, ರಟ್ಟಿನ ಮಾದರಿಗೆ 4ರಿಂದ 6, ಆಧಾರಗಳಿಗೆ 5ರಿಂದ 8, ಕತ್ತರಿಸಿ ಹೊಂದಿಸಲು 6ರಿಂದ 10, ಬೆಸುಗೆಗೆ 4ರಿಂದ 6, ಉಜ್ಜಲು 4ರಿಂದ 8, ಬಣ್ಣಕ್ಕೆ 5ರಿಂದ 6, ಜೋಡಣೆ ಮತ್ತು ದೀಪಗಳ ತಂತಿಗೆ 3ರಿಂದ 5. ಒಟ್ಟು 34ರಿಂದ 54 ಗಂಟೆ. ನೀವೇ ಮಾಡುವುದಾದರೂ ಈ ಗಂಟೆಗಳನ್ನು ಪಟ್ಟಿಯಲ್ಲಿ ಬರೆಯಿರಿ, ಏಕೆಂದರೆ ವರ್ಕ್‌ಶಾಪಿನ ದರ ನ್ಯಾಯವಾದದ್ದೇ ಎಂದು ತೂಗಿ ನೋಡಲು ಬೇರೆ ಅಳತೆಗೋಲಿಲ್ಲ.

ಹಂತ 9: ತುಕ್ಕು ತಡೆ ಮತ್ತು ಬಣ್ಣ

ಬಿಸಿಯಾಗಿ ಉರುಳಿಸಿದ ಶೀಟಿನ ಮೇಲೆ ಕಪ್ಪು ಪದರವಿರುತ್ತದೆ. ಅದರ ಮೇಲೇ ಬಣ್ಣ ಬಳಿದರೆ ಪದರ ಏಳುವಾಗ ಬಣ್ಣವೂ ಏಳುತ್ತದೆ. ಮರಳು ಸಿಡಿಸುವ ಯಂತ್ರದಿಂದಲೋ ಗ್ರೈಂಡರಿನಿಂದಲೋ ಅದನ್ನು ತೆಗೆಯುವ ಖರ್ಚನ್ನು ಬಣ್ಣದ ಖರ್ಚಿನಿಂದ ಬೇರೆಯಾಗಿ ಬರೆಯಿರಿ. ನಮ್ಮ ಬಂಪರಿನ ಒಳಹೊರಗಿನ ಮೈ ಸುಮಾರು 3 ಚದರ ಮೀಟರ್. ಎರಡು ಸಲ ಪ್ರೈಮರ್, ಎರಡು ಸಲ ಮೇಲ್ಬಣ್ಣವಾದರೆ 12 ಚದರ ಮೀಟರ್ ಬಳಿದಂತೆ. ಡಬ್ಬಿಯ ಮೇಲೆ ಬರೆದ ವ್ಯಾಪ್ತಿಯಲ್ಲಿ ಮೂರನೇ ಒಂದು ಭಾಗ ಕಳೆದು ಲೆಕ್ಕ ಹಾಕಿ.

ಪೌಡರ್ ಕೋಟಿಂಗ್ ಮಾಡಿಸುವುದಾದರೆ ಬಂಪರನ್ನು ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಬಿಸಿಯ ಗೂಡಿನಲ್ಲಿ ಇಡುತ್ತಾರೆ, ಆದ್ದರಿಂದ ರಬ್ಬರು, ತಂತಿ, ದೀಪ ಎಲ್ಲವನ್ನೂ ಮೊದಲೇ ತೆಗೆದಿರಬೇಕು. ಕರಗಿದ ಸತುವಿನಲ್ಲಿ ಮುಳುಗಿಸುವ ಗ್ಯಾಲ್ವನೈಸಿಂಗ್ ಸುಮಾರು 450 ಡಿಗ್ರಿಯಲ್ಲಿ ನಡೆಯುತ್ತದೆ. ಎಲ್ಲ ಕಡೆ ಮುಚ್ಚಿದ ಕೊಳವೆ ಅಥವಾ ಪೆಟ್ಟಿಗೆಯನ್ನು ಗಾಳಿರಂಧ್ರವಿಲ್ಲದೆ ಹಾಗೆ ಮುಳುಗಿಸಿದರೆ ಅದು ಸಿಡಿಯಬಹುದು. ರಂಧ್ರಗಳ ಅಳತೆಯನ್ನು ಬೆಸುಗೆಗೆ ಮುಂಚೆಯೇ ಆ ಕೆಲಸದವರಿಂದ ಕೇಳಿ ತಿಳಿಯಿರಿ. ಬಣ್ಣ ಯಾವುದೇ ಇರಲಿ, ಬಂಪರಿನ ಅತಿ ತಗ್ಗಿನ ಜಾಗಗಳಲ್ಲಿ ನೀರು ಹರಿದುಹೋಗಲು ರಂಧ್ರಗಳಿರಲೇಬೇಕು.

ಹಂತ 10: ದರಪಟ್ಟಿ ಕೇಳುವುದು

ಈಗ ನಿಮ್ಮ ಕೈಯಲ್ಲಿ ಶೀಟಿನ ಅಳತೆ, ಕತ್ತರಿಕೆಯ ಉದ್ದ, ಮಡಿಕೆಗಳ ಸಂಖ್ಯೆ, ಬೆಸುಗೆಯ ಮೀಟರು, ಬಣ್ಣದ ಚದರ ಮೀಟರು ಇವೆ. ಇದೇ ಕಾಗದವನ್ನು ಕನಿಷ್ಠ ಮೂರು ವರ್ಕ್‌ಶಾಪುಗಳಿಗೆ ಕೊಟ್ಟು ಬಾಬತ್ತುವಾರು ದರ ಕೇಳಿ. ವ್ಯಾನನ್ನು ನೋಡದೆಯೇ ಮೊತ್ತ ಹೇಳುವವರು, ಒಟ್ಟು ಕಿಲೋಗೆ ಒಂದೇ ದರ ಹೇಳುವವರು, ಬಣ್ಣ ಮತ್ತು ಜೋಡಣೆ ಸೇರಿದೆಯೇ ಎಂದು ಕೇಳಿದಾಗ ಮಾತು ತೇಲಿಸುವವರು, ಪೂರ್ತಿ ಹಣ ಮುಂಗಡವಾಗಿ ಬೇಕೆನ್ನುವವರು, ಈ ನಾಲ್ಕೂ ಎಚ್ಚರಿಕೆಯ ಗುರುತುಗಳು. ತೊಲೆಗಳು ಗಟ್ಟಿಯೆಂದು ಖಾತ್ರಿಯಾಗಿದ್ದರೆ ಒಟ್ಟು ಮೊತ್ತಕ್ಕೆ ಶೇಕಡಾ 15, ತುಕ್ಕಿನ ಅನುಮಾನ ಇನ್ನೂ ಉಳಿದಿದ್ದರೆ ಶೇಕಡಾ 30 ಕೈಯಲ್ಲಿ ಇಟ್ಟುಕೊಳ್ಳಿ.

ಹಂತ 11: ಜೋಡಣೆ

ಬಣ್ಣ ಪೂರ್ತಿ ಗಟ್ಟಿಯಾದ ಮೇಲೆಯೇ ಕೂರಿಸಿ. ಹನ್ನೆರಡು ಮಿ.ಮೀ. ವ್ಯಾಸದ 8.8 ದರ್ಜೆಯ ಬೋಲ್ಟಿಗೆ, ತೊಲೆಯೊಳಗೆ ಕೊಳವೆಯಿದ್ದಾಗ, ಸುಮಾರು 80 ನ್ಯೂಟನ್ ಮೀಟರ್ ಬಿಗಿ ಸಾಕು. ಬಣ್ಣದ ಪದರ ಒತ್ತಿ ತೆಳುವಾಗುವುದರಿಂದ ಮೊದಲ ಕೆಲವು ದಿನಗಳ ಓಡಾಟದಲ್ಲಿ ಬಿಗಿ ಸಡಿಲವಾಗುತ್ತದೆ. ಸುಮಾರು 500 ಕಿ.ಮೀ. ಓಡಿಸಿದ ಮೇಲೆ ಎಲ್ಲ ಬೋಲ್ಟುಗಳನ್ನು ಬಿಗಿಯ ಪ್ರಮಾಣ ತೋರಿಸುವ ಟಾರ್ಕ್ ಪಾನಾದಿಂದ ಮತ್ತೊಮ್ಮೆ ಬಿಗಿದು, ಪ್ರತಿ ನಟ್ಟಿನ ಮೇಲೆ ಬಣ್ಣದ ಗೆರೆ ಎಳೆಯಿರಿ. ಗೆರೆ ಜರುಗಿದ್ದು ಕಂಡರೆ ಆ ಬೋಲ್ಟಿನ ಕೆಳಗಿನ ತೊಲೆಯನ್ನು ಸುತ್ತಿಗೆಯಿಂದ ಮತ್ತೆ ತಟ್ಟಿ ನೋಡಿ.